ಮಡಿಕೇರಿಯಿಂದ ನಾಲ್ಕುನಾಡಿಗೆ

ಕೊಡಗಿನ ಕಮಿಷನರ್ ಸಾಹೇಬರ ಕಾರು ನಿಲ್ಲಿಸಲು ಜಾಗ ಬೇಕೆಂದು 1933ರಲ್ಲಿ ಮಡಿಕೇರಿ ಅರಮನೆಯ ಮುಂಭಾಗಕ್ಕೆ ಒಂದು ಪೋರ್ಟಿಕೋ ಅಂಟಿಸಿದರು. ಜೊತೆಗೊಂದು ಗಡಿಯಾರ ಗೋಪುರ. ರಾಜ ಲಿಂಗರಾಜೇಂದ್ರ 1812ರಿಂದ 1814ರ ಅವಧಿಯಲ್ಲಿ ಕೋಟೆಯೊಳಗೆ ಕಟ್ಟಿಸಿದ ಎರಡಂತಸ್ತಿನ ಅರಮನೆ ಅದು. ಆನೆ ಪಲ್ಲಕ್ಕಿಗಳು ಬಂದು ನಿಲ್ಲುತ್ತಿದ್ದ ಅಂಗಳದಲ್ಲಿ ಮೋಟಾರಿಗೊಂದು ಸೂರು ಬೇಕಾಯಿತು. ಈ ಕೋಟೆಯ ಚರಿತ್ರೆಯನ್ನು ಚುಟುಕಾಗಿ ಹೇಳಿ ಎಂದು ಯಾರಾದರೂ ಕೇಳಿದರೆ ನಾನು ಆ ಪೋರ್ಟಿಕೋವನ್ನೇ ತೋರಿಸುತ್ತೇನೆ. ಇಲ್ಲಿಗೆ ಬಂದ ಯಜಮಾನರು ಹಿಂದಿನವರದ್ದನ್ನು ಪೂರ್ತಿ ಕೆಡವಲಿಲ್ಲ, ಇದ್ದ ಹಾಗೆ ಬಿಡಲೂ ಇಲ್ಲ.

ಹಾಲೇರಿ ವಂಶದ ಮುದ್ದುರಾಜ ತನ್ನ ರಾಜಧಾನಿಯನ್ನು ಹಾಲೇರಿಯಿಂದ ಈ ಗುಡ್ಡಕ್ಕೆ ತಂದದ್ದು 1681ರಲ್ಲಿ. ಅವನದ್ದು ಮಣ್ಣಿನ ಕೋಟೆ. ನೂರು ವರ್ಷದ ಮೇಲೆ ಟಿಪ್ಪು ಸುಲ್ತಾನ ಅದನ್ನು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಕರೆದ. 1790ರಲ್ಲಿ ಕೋಟೆ ಹಾಲೇರಿ ವಂಶದ ದೊಡ್ಡವೀರರಾಜೇಂದ್ರನ ವಶವಾಯಿತು. ಹೆಸರು ಹೋಯಿತು, ಕಲ್ಲು ಉಳಿಯಿತು. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಬಂತು. ಕಂಪನಿಯವರು ಮಾತ್ರ ಒಂದನ್ನು ಕೆಡವಿಯೇ ಕೆಡವಿದರು. 1855ರಲ್ಲಿ ಕೋಟೆಯೊಳಗಿದ್ದ ವೀರಭದ್ರನ ಗುಡಿಯನ್ನು ತೆಗೆದು ಆ ಜಾಗದಲ್ಲಿ ಚರ್ಚು ಕಟ್ಟಿದರು. ಆ ಚರ್ಚಿನಲ್ಲಿ ಈಗ ಪ್ರಾರ್ಥನೆಯೂ ಇಲ್ಲ. ಸರ್ಕಾರಿ ಮ್ಯೂಸಿಯಂ ಇದೆ. ಬಣ್ಣದ ಗಾಜಿನ ಕಿಟಕಿಯ ಕೆಳಗೆ ಜಿನ ವಿಗ್ರಹಗಳು, ವೀರಗಲ್ಲುಗಳು, ಹಳೇ ಕೋವಿಗಳು ಯಾರ ತಂಟೆಗೂ ಹೋಗದೆ ನಿಂತಿವೆ. ಕೋಟೆ ಗಣಪತಿಯ ಗುಡಿಗೆ ಮಾತ್ರ ಯಾರೂ ಕೈ ಹಚ್ಚಲಿಲ್ಲ. ಇವತ್ತಿಗೂ ಊರಿನವರು ಕೋರ್ಟು ಕಚೇರಿಗೆ ಹೋಗುವಾಗ ಅಲ್ಲಿ ಕೈಮುಗಿದು ಹೋಗುತ್ತಾರೆ.

ಅಂಗಳದ ಒಂದು ಮೂಲೆಯಲ್ಲಿ ಗಾರೆಯ ಎರಡು ಆನೆಗಳಿವೆ. ಅಳತೆಯಲ್ಲಿ ನಿಜವಾದ ಆನೆಗಳಷ್ಟೇ. ಇವು ಯಾಕಿವೆ ಎನ್ನುವುದಕ್ಕೆ ಊರಿನಲ್ಲಿ ಒಬ್ಬೊಬ್ಬರು ಒಂದೊಂದು ಕಥೆ ಹೇಳುತ್ತಾರೆ. ಹೆಚ್ಚಿನವುಗಳಲ್ಲಿ ಒಬ್ಬ ರಾಜ ಸಿಟ್ಟಿನಲ್ಲಿ ಆನೆಗಳನ್ನು ಕೊಲ್ಲಿಸಿ, ಆಮೇಲೆ ಪಶ್ಚಾತ್ತಾಪಪಟ್ಟು ಇವನ್ನು ಮಾಡಿಸಿದ. ಕಥೆ ನಿಜವೋ ಸುಳ್ಳೋ, ಕೊಡಗಿನ ಜನ ತಮ್ಮ ಕೊನೆಯ ರಾಜರನ್ನು ಹೇಗೆ ನೆನಪಿಟ್ಟುಕೊಂಡಿದ್ದಾರೆ ಎನ್ನುವುದು ಅದರಲ್ಲಿ ಇದೆ: ಮೊದಲು ಸಿಟ್ಟು, ಆಮೇಲೆ ಪಶ್ಚಾತ್ತಾಪ, ಕೊನೆಗೊಂದು ಕಟ್ಟಡ. ನಾವು ಹೋದ ದಿನ ಒಬ್ಬ ತಾಯಿ ಮಗುವನ್ನು ಆನೆಯ ಸೊಂಡಿಲಿನ ಹತ್ತಿರ ಎತ್ತಿ ಹಿಡಿದಿದ್ದರು, ಅಪ್ಪ ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದ. ಮಗು ಜೋರಾಗಿ ಅಳುತ್ತಿತ್ತು.

ಇದೇ ಕೋಟೆಯಲ್ಲಿ 1837ರ ಅಕ್ಟೋಬರ್ 31ರಂದು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ನೇಣಿಗೆ ಹಾಕಿದರು. ಕಂಪನಿ ಸರ್ಕಾರ ಸುಳ್ಯ, ಪುತ್ತೂರು ಕಡೆಯ ಮಾಗಣೆಗಳನ್ನು ಕೊಡಗಿನಿಂದ ಕಿತ್ತು ಕೆನರಾಕ್ಕೆ ಸೇರಿಸಿತ್ತು. ಧಾನ್ಯದಲ್ಲಿ ಕೊಡುತ್ತಿದ್ದ ಕಂದಾಯವನ್ನು ಹಣದಲ್ಲೇ ಕಟ್ಟಬೇಕೆಂದಿತು. ರೈತರು ಎದ್ದು ಮಂಗಳೂರಿನವರೆಗೆ ಹೋದರು. ಆ ದಂಗೆಯ ಮುಂದಾಳುಗಳಲ್ಲಿ ಅಪ್ಪಯ್ಯ ಗೌಡರು ಒಬ್ಬರು. ಈಗ ಊರಿನಲ್ಲಿ ಅವರ ಪ್ರತಿಮೆಯಿದೆ. ಜನರಲ್ ತಿಮ್ಮಯ್ಯನವರ ಪ್ರತಿಮೆಯೂ ಇದೆ, ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರದ್ದೂ ಇದೆ. ಇಷ್ಟು ಚಿಕ್ಕ ಊರಿನಲ್ಲಿ ಇಷ್ಟೊಂದು ಸೈನಿಕರು ಸರ್ಕಲ್ಲುಗಳನ್ನು ಕಾಯುವುದು ಬೇರೆಲ್ಲೂ ನಾನು ನೋಡಿಲ್ಲ.

ಆದರೆ ಮಡಿಕೇರಿಗೆ ಬರುವವರಲ್ಲಿ ಹೆಚ್ಚಿನವರು ಕೋಟೆಗೆ ಬರುವುದಿಲ್ಲ. ಶನಿವಾರ ಬೆಳಗ್ಗೆ ಬೆಂಗಳೂರಿನ ಕಾರುಗಳು ಕುಶಾಲನಗರ ದಾಟಿ ಸಾಲುಗಟ್ಟುತ್ತವೆ. ಹೋಂಸ್ಟೇಯಲ್ಲಿ ಬ್ಯಾಗಿಟ್ಟು ಅಬ್ಬಿ, ಅಲ್ಲಿಂದ ಮಾಂದಲಪಟ್ಟಿ, ಸಂಜೆ ರಾಜಾಸೀಟು, ಮರುದಿನ ತಲಕಾವೇರಿ ಅಥವಾ ದುಬಾರೆ. ಭಾನುವಾರ ರಾತ್ರಿ ಮೈಸೂರು ರಸ್ತೆಯಲ್ಲಿ ಟ್ರಾಫಿಕ್ ಜಾಮ್. ರಾಜಾಸೀಟಿನ ಬಗ್ಗೆ ನನಗೆ ಹೇಳುವುದು ಹೆಚ್ಚಿಲ್ಲ. ಕಮಾನುಗಳಿರುವ ಪುಟ್ಟ ಮಂಟಪ, ಎದುರಿಗೆ ಕಣಿವೆ, ಸುತ್ತ ಉದ್ಯಾನ, ರಾಜ ಇಲ್ಲಿ ಕೂತು ಸೂರ್ಯಾಸ್ತ ನೋಡುತ್ತಿದ್ದನೆಂಬ ಫಲಕ. ಸೂರ್ಯಾಸ್ತ ಚೆನ್ನಾಗಿಯೇ ಇರುತ್ತದೆ, ಮುಂದೆ ನಿಂತವರ ಸೆಲ್ಫಿ ಕೋಲುಗಳ ನಡುವೆ ಕಂಡಷ್ಟು. ಮಾಂದಲಪಟ್ಟಿಯದ್ದು ಇನ್ನೊಂದು ಕಥೆ. 2008ರಲ್ಲಿ ಬಂದ ‘ಗಾಳಿಪಟ’ ಸಿನಿಮಾದ ಮುಗಿಲುಪೇಟೆ ಅದು. ಆ ಸಿನಿಮಾ ನೋಡಿದ ಮೇಲೆ ಇಡೀ ಕರ್ನಾಟಕವೇ ಆ ಗುಡ್ಡ ಹತ್ತಲು ಹೊರಟಿತು. ಕಾರು ಹೋಗದ ದಾರಿಯಲ್ಲಿ ಜೀಪಿನವರಿಗೆ ಕೈತುಂಬ ಕೆಲಸ ಸಿಕ್ಕಿತು. ಅದಕ್ಕೆ ನನ್ನ ತಕರಾರಿಲ್ಲ. ಜೀಪಿನಲ್ಲಿ ಹೋಗಿಬಂದ ಮೇಲೆ ಸೊಂಟ ಮಾತ್ರ ತಕರಾರು ಮಾಡುತ್ತದೆ.

ನನ್ನ ವಾದ ಬೇರೆ. ಮಡಿಕೇರಿಯ ಬೆಟ್ಟವನ್ನೂ ಮಡಿಕೇರಿಯ ಚರಿತ್ರೆಯನ್ನೂ ಬೇರೆಬೇರೆ ಪಟ್ಟಿಗಳಲ್ಲಿ ಹಾಕಿಕೊಂಡು ನೋಡಿದರೆ ಎರಡೂ ಅರ್ಧರ್ಧ ಕಾಣುತ್ತವೆ. ಇಲ್ಲಿನ ರಾಜರು ಕೋಟೆಯನ್ನು ನೆಚ್ಚಿಕೊಂಡದ್ದು ಕಡಿಮೆ, ಬೆಟ್ಟ ಮತ್ತು ಕಾಡನ್ನು ನೆಚ್ಚಿಕೊಂಡದ್ದೇ ಹೆಚ್ಚು. ಅದನ್ನು ಕಾಲಿನಿಂದಲೇ ಅರ್ಥಮಾಡಿಕೊಳ್ಳಬೇಕೆಂದರೆ ರಾಜರ ಸಮಾಧಿಗಳಿರುವ ಊರಿನ ಗದ್ದಿಗೆಯಿಂದ ಹೊರಟು ನಾಲ್ಕುನಾಡು ಅರಮನೆಗೆ ಹೋಗಿ, ಅದರ ಬೆನ್ನಿಗಿರುವ ತಡಿಯಂಡಮೋಳು ಬೆಟ್ಟ ಹತ್ತಬೇಕು. ಗೆಳೆಯನೊಬ್ಬನ ಜೊತೆ ನಾನು ಹೋದದ್ದು ಅದೇ ದಾರಿಯಲ್ಲಿ. ನವೆಂಬರ್ ಕೊನೆ, ಮಳೆ ಬಿಟ್ಟು ಕಾಫಿ ಹಣ್ಣು ಕೆಂಪೇರುತ್ತಿದ್ದ ಸಮಯ.

ಗದ್ದಿಗೆ ಇರುವುದು ಮಹದೇವಪೇಟೆಯ ಮೇಲಿನ ದಿಣ್ಣೆಯಲ್ಲಿ. ಮಹದೇವಪೇಟೆಗೆ ಆ ಹೆಸರು ದೊಡ್ಡವೀರರಾಜೇಂದ್ರನ ರಾಣಿ ಮಹದೇವಮ್ಮಾಜಿಯಿಂದ ಬಂದದ್ದು. ಈಗ ಅದು ಊರಿನ ಪೇಟೆಬೀದಿ. ಕಿರಾಣಿ ಅಂಗಡಿ, ಬಟ್ಟೆ ಅಂಗಡಿ, ಕರಿಮೆಣಸು ಏಲಕ್ಕಿ ಕೊಳ್ಳುವವರು. ಶುಕ್ರವಾರದ ಸಂತೆಯ ದಿನ ಕಾಲಿಡಲು ಜಾಗವಿರುವುದಿಲ್ಲ. ಏರು ಮುಗಿದ ಕೂಡಲೇ ಗದ್ದಲ ನಿಂತುಬಿಡುತ್ತದೆ. ಹುಲ್ಲುಹಾಸಿನ ಮೇಲೆ ಗುಮ್ಮಟಗಳಿರುವ ಮೂರು ಸಮಾಧಿಗಳು. ನಡುವಿನದು ದೊಡ್ಡವೀರರಾಜೇಂದ್ರ ಮತ್ತು ಮಹದೇವಮ್ಮಾಜಿಯದು. ಪಕ್ಕದ್ದು ಲಿಂಗರಾಜೇಂದ್ರನದು, ಅವನ ಮಗ ಚಿಕ್ಕವೀರರಾಜೇಂದ್ರ 1820ರಲ್ಲಿ ಕಟ್ಟಿಸಿದ್ದು. ಮತ್ತೊಂದು ರಾಜಗುರುಗಳದ್ದು.

ದೂರದಿಂದ ನೋಡಿದವರು ಇದನ್ನು ಯಾವುದೋ ಸುಲ್ತಾನನ ಗೋರಿ ಎಂದುಕೊಳ್ಳುತ್ತಾರೆ. ಗುಮ್ಮಟ, ನಾಲ್ಕು ಮೂಲೆಗೆ ಮಿನಾರು, ಕಮಾನು. ಹತ್ತಿರ ಹೋಗಿ ತಲೆಯೆತ್ತಿದರೆ ಮೂಲೆಮೂಲೆಯಲ್ಲಿ ನಂದಿ ಕೂತಿದ್ದಾನೆ. ಒಳಗೆ ಲಿಂಗ, ಪೂಜೆ. ಹಾಲೇರಿ ರಾಜರು ಲಿಂಗಾಯತರು, ದಫನ ಮಾಡುವವರು. ಟಿಪ್ಪುವಿನೊಂದಿಗೆ ಹೋರಾಡಿ ರಾಜ್ಯ ಉಳಿಸಿಕೊಂಡ ರಾಜನ ಸಮಾಧಿ ಶ್ರೀರಂಗಪಟ್ಟಣದ ಗುಂಬಜಿನ ನೆರಳಿನಂತೆ ನಿಂತಿರುವುದನ್ನು ನೋಡಿ ನನ್ನ ಗೆಳೆಯ ನಕ್ಕ. ನನಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಶತ್ರುವಿನ ಮನೆಯ ಗಾರೆಗೆಲಸ ಚೆನ್ನಾಗಿದ್ದರೆ ಅದನ್ನು ಬೇಡವೆನ್ನುವಷ್ಟು ಹಟ ಆ ಕಾಲದ ರಾಜರಿಗೆ ಇರಲಿಲ್ಲ, ಅಷ್ಟೆ. 1820ರಲ್ಲೇ ಮುಗಿದ ಓಂಕಾರೇಶ್ವರ ದೇವಸ್ಥಾನವೂ ಇದೇ ಮಾದರಿಯದ್ದು. ನಡುವೆ ಗುಮ್ಮಟ, ಮೂಲೆಗಳಲ್ಲಿ ಮಿನಾರು, ಎದುರಿಗೆ ಕೊಳ, ಕೊಳದ ನಡುವಿನ ಮಂಟಪಕ್ಕೊಂದು ಕಾಲುದಾರಿ. ಲಿಂಗರಾಜೇಂದ್ರ ಒಬ್ಬ ಬ್ರಾಹ್ಮಣನನ್ನು ಕೊಲ್ಲಿಸಿದ ಪಾಪಕ್ಕೆ ಪರಿಹಾರವಾಗಿ ಕಾಶಿಯಿಂದ ಲಿಂಗ ತರಿಸಿ ಇದನ್ನು ಕಟ್ಟಿಸಿದನೆಂದು ಐತಿಹ್ಯ. ಮತ್ತೆ ಅದೇ: ಸಿಟ್ಟು, ಪಶ್ಚಾತ್ತಾಪ, ಕಟ್ಟಡ.

ಗದ್ದಿಗೆಯ ಆವರಣದಲ್ಲೇ, ರಾಜರಿಂದ ತುಸು ದೂರದಲ್ಲಿ, ಬಿದ್ದಂಡ ಬೋಪು ಮತ್ತು ಅವನ ಮಗ ಬಿದ್ದಂಡ ಸೋಮಯ್ಯನ ಸಮಾಧಿಗಳಿವೆ. ಟಿಪ್ಪುವಿನ ಸೈನ್ಯದೆದುರು ಹೋರಾಡಿದ ದಂಡನಾಯಕರು. ಅವಕ್ಕೆ ಗುಮ್ಮಟವಿಲ್ಲ, ನೋಡುವವರೂ ಕಡಿಮೆ. ರಾಜರ ಮಗ್ಗುಲಲ್ಲೇ ಮಣ್ಣಾಗುವ ಮರ್ಯಾದೆ ಆ ಮನೆತನಕ್ಕೆ ಸಿಕ್ಕಿತು. ಮುಂದಿನ ತಲೆಮಾರಿನ ರಾಜನಿಗೆ ತನ್ನವರ ನಡುವೆ ಮಣ್ಣಾಗುವ ಭಾಗ್ಯವೇ ಇರಲಿಲ್ಲ.

ಆ ಮುಂದಿನ ರಾಜ ಚಿಕ್ಕವೀರರಾಜೇಂದ್ರ. ಕನ್ನಡಿಗರಿಗೆ ಅವನು ಪರಿಚಯವಾದದ್ದು ಮಾಸ್ತಿಯವರ ಕಾದಂಬರಿಯಿಂದ. 1983ರ ಜ್ಞಾನಪೀಠ ಬಂದ ಮೇಲಂತೂ ಆ ಕಾದಂಬರಿಯನ್ನು ಓದದವರಿಗೂ ಹೆಸರು ಗೊತ್ತಾಯಿತು. ಮಡಿಕೇರಿಯಲ್ಲಿ ಅವನ ಗುರುತು ಹುಡುಕಿದರೆ ಸಿಗುವುದು ಅಪ್ಪನ ಸಮಾಧಿ, ಅಷ್ಟೆ. ಅವನದ್ದು ಇಲ್ಲಿಲ್ಲ.

ಮಡಿಕೇರಿಯಿಂದ ನಾಲ್ಕುನಾಡು ಅರಮನೆಯ ಹತ್ತಿರದ ಕಕ್ಕಬ್ಬೆಗೆ ನಾಪೋಕ್ಲು ಮೇಲೆ ಹೋಗುವ ಖಾಸಗಿ ಬಸ್ಸು ಹಿಡಿದೆವು. ನಲವತ್ತು ಕಿಲೋಮೀಟರಿನ ಆಸುಪಾಸು. ಬಸ್ಸು ತೆಗೆದುಕೊಳ್ಳುವ ಹೊತ್ತನ್ನು ಕಿಲೋಮೀಟರಿನಿಂದ ಲೆಕ್ಕ ಹಾಕಬಾರದು. ಪ್ರತಿ ತಿರುವಿಗೂ ಒಂದು ತೋಟದ ಗೇಟು, ಗೇಟಿನ ಮೇಲೆ ಮನೆತನದ ಹೆಸರು, ಅಲ್ಲೊಬ್ಬರು ಇಳಿಯುವವರು. ಕಂಡಕ್ಟರನಿಗೆ ಹೆಚ್ಚಿನವರ ಹೆಸರು ಗೊತ್ತು. ಒಬ್ಬ ಅಜ್ಜಿಗೆ ಚೀಲ ಇಳಿಸಿಕೊಟ್ಟು, “ಪುತ್ತರಿಗೆ ಮಗ ಬರ್ತಾನಾ ಅಜ್ಜಿ?” ಎಂದ. ಅಜ್ಜಿ, “ರಜೆ ಸಿಕ್ಕಿದ್ರೆ ತಾನೆ, ಮಿಲಿಟರಿಯವರದ್ದು ಏನು ಹೇಳೋದು,” ಎನ್ನುತ್ತ ಇಳಿದರು. ಬಸ್ಸು ಹೊರಟಿತು.

ಕಿಟಕಿಯಾಚೆ ಸಿಲ್ವರ್ ಓಕ್ ಮರಗಳ ಕೆಳಗೆ ಕಾಫಿ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ತಗ್ಗಿನಲ್ಲಿ ಹಣ್ಣಾದ ಭತ್ತದ ಗದ್ದೆ. ಇದನ್ನೇ ನೋಡಿ ಜನ ಕೊಡಗೆಂದರೆ ಕಾಫಿ ಎನ್ನುತ್ತಾರೆ. ಆದರೆ ರಾಜರ ಕೊಡಗಿನಲ್ಲಿ ಈ ತೋಟಗಳು ಇರಲಿಲ್ಲ. ಜಾನ್ ಫೌಲರ್ ಎಂಬ ಇಂಗ್ಲಿಷಿನವ ಮಡಿಕೇರಿಯಲ್ಲಿ ಯುರೋಪಿಯನ್ನರ ಮೊದಲ ಕಾಫಿ ತೋಟ ಮಾಡಿದ್ದು 1854ರಲ್ಲಿ, ರಾಜ್ಯ ಹೋಗಿ ಇಪ್ಪತ್ತು ವರ್ಷವಾದ ಮೇಲೆ. ಅದಕ್ಕೆ ಇಪ್ಪತ್ತು ವರ್ಷ ಮುಂಚೆ ಈ ದಾರಿಯಲ್ಲಿ ಓಡಿದ ಚಿಕ್ಕವೀರರಾಜೇಂದ್ರನಿಗೆ ಕಂಡದ್ದು ಭತ್ತದ ಗದ್ದೆ ಮತ್ತು ಕಾಡು. ಕಾಡಂತೂ ಈಗಿನದಕ್ಕಿಂತ ಎಷ್ಟೋ ದಟ್ಟ.

ಕಕ್ಕಬ್ಬೆಯಲ್ಲಿ ಇಳಿದು ಒಂದು ಸಣ್ಣ ಹೋಟೆಲಿನಲ್ಲಿ ಊಟ ಮಾಡಿದೆವು. ಕಡಂಬುಟ್ಟು, ಪಂದಿ ಕರಿ, ಗೆಳೆಯನಿಗೆ ಬೇರೆ ತರಕಾರಿ ಪಲ್ಯ. ಅಡುಗೆಯಾಕೆ ಒಲೆಯಿಂದ ಇಳಿಸುವ ಮುನ್ನ ಹಳೇ ಬಾಟಲಿಯೊಂದನ್ನು ಬಗ್ಗಿಸಿ ಕಾಚಂಪುಳಿ ಬಿಟ್ಟಳು. ಕಾಕಂಬಿಯಂತೆ ಕಪ್ಪಗೆ, ನಿಧಾನಕ್ಕೆ ಇಳಿಯುವ ಹುಳಿ. ಒಂದು ಜಾತಿಯ ಕಾಡುಹಣ್ಣಿನ ರಸವನ್ನು ಗಂಟೆಗಟ್ಟಲೆ ಕುದಿಸಿ ಇಳಿಸುವುದು. ಕಾಲು ಚಮಚದಷ್ಟು ಬಿದ್ದದ್ದೇ ಸಾರಿನ ಬಣ್ಣ ತಿರುಗಿತು. “ಅಂಗಡಿಯದ್ದು ಬೇಡ, ಅದರಲ್ಲಿ ಬೆಲ್ಲ ಸೇರಿಸ್ತಾರೆ. ಇದು ನಮ್ಮ ತೋಟದ್ದು,” ಎಂದಳು. ಮೇಲಿನ ಪಾಡಿ ಇಗ್ಗುತ್ತಪ್ಪನ ದೇವಸ್ಥಾನ ಇಲ್ಲಿಗೆ ಹತ್ತಿರ. ಮಳೆ ಬೆಳೆಗಳ ದೇವರು ಅವನು. ಕೊಡಗಿನ ಸುಗ್ಗಿಯ ಹಬ್ಬ ಪುತ್ತರಿಗೆ ದಿನ, ನಕ್ಷತ್ರ, ಕದಿರು ಕೊಯ್ಯುವ ಗಳಿಗೆ ಗೊತ್ತಾಗುವುದು ಆ ದೇವಸ್ಥಾನದಲ್ಲೇ. ಆ ವಾರ ಊರಿನಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು.

ಕೈಕಂಬದ ತಿರುವಿನಿಂದ ಅರಮನೆಗೆ ಏರುದಾರಿ. ತೋಟಗಳ ನಡುವೆ ನಡೆದು ಬೆವರು ಇಳಿಯುವ ಹೊತ್ತಿಗೆ ಒಂದು ಹೆಂಚಿನ ಮಾಡು ಕಾಣಿಸುತ್ತದೆ. ಮೊದಲ ಸಲ ನೋಡುವವರಿಗೆ ನಿರಾಸೆಯಾಗುವುದು ಖಂಡಿತ. ಅರಮನೆ ಎಂದರೆ ಮೈಸೂರನ್ನು ನೆನೆಯುವವರು ನಾವು. ಇದು ಒಳ್ಳೆಯ ಸ್ಥಿತಿವಂತರ ಮನೆಯಷ್ಟಿದೆ. ಎರಡಂತಸ್ತು, ಮುಂದೆ ಮರದ ಕಂಬಗಳ ಜಗಲಿ, ಬಾಗಿಲವಾಡಗಳ ಮೇಲೆ ಕೆತ್ತನೆ. ಅಂಗಳದಲ್ಲಿ ಪುಟ್ಟದೊಂದು ಚೌಕ ಮಂಟಪ. ಕಟ್ಟಿದ್ದು 1792ರಿಂದ 1794ರ ನಡುವೆ. 1796ರಲ್ಲಿ ದೊಡ್ಡವೀರರಾಜೇಂದ್ರ ಮಹದೇವಮ್ಮಾಜಿಯನ್ನು ಮದುವೆಯಾದದ್ದು ಇಲ್ಲೇ. ಗದ್ದಿಗೆಯಲ್ಲಿ ಅಕ್ಕಪಕ್ಕ ಮಲಗಿರುವ ಇಬ್ಬರ ಸಂಸಾರ ಈ ಮಂಟಪದಲ್ಲಿ ಶುರುವಾಯಿತು.

ಇಲ್ಲಿ ಯಾಕೆ ಕಟ್ಟಿದ ಎನ್ನುವುದು ಬೆಟ್ಟದ ಕಡೆ ತಿರುಗಿ ನಿಂತರೆ ತಿಳಿಯುತ್ತದೆ. ದೊಡ್ಡವೀರರಾಜೇಂದ್ರ ಹುಡುಗನಾಗಿದ್ದಾಗ ಟಿಪ್ಪುವಿನ ಸೆರೆಯಲ್ಲಿದ್ದವನು. ಪಿರಿಯಾಪಟ್ಟಣದ ಕೋಟೆಯಿಂದ 1788ರ ಡಿಸೆಂಬರಿನಲ್ಲಿ ತಪ್ಪಿಸಿಕೊಂಡು ಬಂದ. ಕೋಟೆ ಎಂದರೆ ಒಳಗಿದ್ದವನನ್ನು ಕಾಯುವುದು ಮಾತ್ರವಲ್ಲ, ಕೂಡಿಹಾಕುವುದೂ ಹೌದು ಎಂದು ಮೈಮೇಲೆ ಅನುಭವಿಸಿದವನು. ಮಡಿಕೇರಿ ಕೋಟೆ ಕೈಗೆ ಬಂದ ಮೇಲೂ ಅವನಿಗೆ ನೆಮ್ಮದಿ ಇರಲಿಲ್ಲ. ಹಿಂದೆ ಕೊಡಗಿನ ಅತ್ಯುನ್ನತ ಶಿಖರ, ಸುತ್ತ ಕಾಡು, ಮೇಲೆ ಹತ್ತಿದರೆ ಆಚೆಗೆ ಮಲೆಯಾಳ ಸೀಮೆ. ಶತ್ರು ಬರುವ ದಾರಿ ಒಂದೇ, ತಾನು ಹೋಗುವ ದಾರಿ ಹಲವು. ಗೋಡೆ ಎತ್ತರವಿಲ್ಲದ ಈ ಮನೆಯೇ ಅವನ ನಿಜವಾದ ಕೋಟೆ.

ಕಾವಲಿಗಿದ್ದವರು ಬೀಗ ತೆಗೆದು ಒಳಗೆ ಕರೆದುಕೊಂಡು ಹೋದರು. ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. “ಚಪ್ಪಲಿ ಹೊರಗೆ ಬಿಡಿ ಸಾರ್. ತಲೆ ನೋಡ್ಕೊಳ್ಳಿ, ಬಾಗಿಲು ಗಿಡ್ಡ.” ಒಳಗೆ ಕತ್ತಲೆ. ಕಣ್ಣು ಹೊಂದಿಕೊಂಡಂತೆ ಗೋಡೆಯ ಮೇಲೆ ಚಿತ್ರಗಳು ಮೂಡಿದವು: ಮೆರವಣಿಗೆ, ಕುದುರೆ, ಆಳುಗಳು. ಕೆಂಪು ಇನ್ನೂ ಗಟ್ಟಿಯಾಗಿದೆ, ಉಳಿದ ಬಣ್ಣ ಮಾಸಿದೆ. ಕೆಲವು ಕಡೆ ಚಿತ್ರದ ಮೇಲೆಯೇ ಸುಣ್ಣ ಬಳಿದಿದ್ದಾರೆ. ಅವರು ಒಂದು ಕೋಣೆಯ ಬಾಗಿಲು ಮುಚ್ಚಿ, ಗೋಡೆಯ ಚಿಕ್ಕ ಕಿಂಡಿಗೆ ಕಣ್ಣಿಡಿ ಎಂದರು. ನಾವು ಹತ್ತಿ ಬಂದ ದಾರಿಯ ಕೊನೆಯ ತುಂಡು ಅದರಲ್ಲಿ ಸರಿಯಾಗಿ ಕಾಣುತ್ತಿತ್ತು.

“ಒಳಗಿದ್ದವರಿಗೆ ಹೊರಗಿನವ ಕಾಣ್ತಾನೆ. ಹೊರಗಿನವನಿಗೆ ಒಳಗೇನೂ ಕಾಣೋದಿಲ್ಲ,” ಎಂದರು.

“ಕೊನೆಯ ರಾಜ ಇಲ್ಲಿಗೇ ಬಂದದ್ದಲ್ವಾ?” ಎಂದೆ.

“ಇಲ್ಲಿಗೇ. ಇಲ್ಲಿಂದಲೇ ಕರ್ಕೊಂಡು ಹೋದ್ರು,” ಎಂದವರು ಮತ್ತೇನೂ ಹೇಳದೆ ದೀಪ ಆರಿಸಿದರು.

1834ರ ಏಪ್ರಿಲ್ ಅದು. ಕಂಪನಿಯ ಸೈನ್ಯ ನಾಲ್ಕು ದಿಕ್ಕಿನಿಂದ ಕೊಡಗಿಗೆ ನುಗ್ಗಿತು. ಉತ್ತರದಿಂದ ಬಂದ ತುಕಡಿ ಕೊಡಗಿನವರಿಂದ ಚೆನ್ನಾಗಿಯೇ ಪೆಟ್ಟು ತಿಂದು ಹಿಂದೆ ಸರಿಯಿತು. ಹಾಗಾಗಿ ಕೊಡಗು ಕಾದಾಡದೆ ಸೋತಿತು ಎನ್ನುವುದು ಸುಳ್ಳು. ಆದರೆ ಪೂರ್ವದಿಂದ ಕರ್ನಲ್ ಫ್ರೇಸರ್ ಇದ್ದ ತುಕಡಿ ಬಂದಾಗ ದಿವಾನ ಅಪ್ಪಾರಂಡ ಬೋಪು ಎದುರಾದದ್ದು ಕೋವಿ ಹಿಡಿದಲ್ಲ. ರಾಜನ ದಿವಾನನೇ ಮುಂದೆ ನಿಂತು ಅವರನ್ನು ಮಡಿಕೇರಿಗೆ ಕರೆತಂದ. ಏಪ್ರಿಲ್ 6ರಂದು ಕೋಟೆಯ ಮೇಲೆ ಇಂಗ್ಲಿಷರ ಬಾವುಟ ಏರಿತು. ಚಿಕ್ಕವೀರರಾಜೇಂದ್ರ ಅಷ್ಟರಲ್ಲಿ ನಾಲ್ಕುನಾಡಿನಲ್ಲಿದ್ದ. ನಾಲ್ಕು ದಿನ ಕಳೆದು ಶರಣಾದ. ಕಂಪನಿಯವರು ಈ ಗುಡ್ಡವನ್ನು ಮುತ್ತಿಗೆ ಹಾಕಬೇಕಾಗಲೇ ಇಲ್ಲ.

ಅದೇ ಮನೆ, ಅದೇ ಬೆಟ್ಟ, ಅದೇ ಕಿಂಡಿ. ದೊಡ್ಡಪ್ಪನಿಗೆ ಆಸರೆಯಾದದ್ದು ತಮ್ಮನ ಮಗನಿಗೆ ಯಾಕೆ ಆಗಲಿಲ್ಲ? ಸೆರೆಯಿಂದ ತಪ್ಪಿಸಿಕೊಂಡು ಬಂದ ದೊಡ್ಡವೀರರಾಜೇಂದ್ರನಿಗೆ ಊರೂರಿನವರು ಕೋವಿ ಕತ್ತಿ ಹಿಡಿದು ಬಂದು ಸೇರಿಕೊಂಡಿದ್ದರು. ಚಿಕ್ಕವೀರರಾಜೇಂದ್ರನ ಹೊತ್ತಿಗೆ ರಾಜನ ಹೆಸರೆತ್ತಿದರೆ ಜನಕ್ಕೆ ಭಯ. ಅವನ ಮನೆಯೊಳಗೇ ನಡೆದ ಕೊಲೆಗಳ ಸುದ್ದಿ ಮನೆಮನೆಗೂ ಹೋಗಿತ್ತು. ಇಂಗ್ಲಿಷರು ಬರೆದಿಟ್ಟ ಅವನ ಕ್ರೌರ್ಯದ ಕಥೆಗಳನ್ನೆಲ್ಲ ನಾನು ನಂಬುವುದಿಲ್ಲ. ರಾಜ್ಯ ಕಸಿದವರಿಗೆ ರಾಜ ಕೆಟ್ಟವನಾಗಿರುವುದು ಬೇಕಾಗಿಯೇ ಇರುತ್ತದೆ. ಆದರೂ ಆ ಏಪ್ರಿಲಿನಲ್ಲಿ ಈ ಏರಿನಲ್ಲಿ ಅವನ ಜೊತೆ ಹೋರಾಡಲು ಹೆಚ್ಚು ಜನ ಹತ್ತಿ ಬರಲಿಲ್ಲ ಎನ್ನುವುದನ್ನು ಯಾರು ಬರೆದರೂ ಬದಲಿಸಲಾಗದು.

ಆಮೇಲಿನದ್ದು ಗೊತ್ತಿರುವ ಕಥೆ. ಕಂಪನಿ ಅವನನ್ನು ಕಾಶಿಗೆ ಕಳಿಸಿತು. 1852ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಲಂಡನ್ನಿಗೆ ಹೋದ. ಮಗಳಿಗೆ ಕ್ರೈಸ್ತ ದೀಕ್ಷೆಯಾಯಿತು, ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ತನ್ನ ಹೆಸರು ಕೊಟ್ಟಳು. ತನ್ನ ಹಣ ತನಗೆ ಕೊಡಿಸಿ ಎಂದು ರಾಜ ಕಂಪನಿಯ ಮೇಲೆಯೇ ಅಲ್ಲಿನ ಕೋರ್ಟಿನಲ್ಲಿ ದಾವೆ ಹಾಕಿದ. 1859ರಲ್ಲಿ ಅಲ್ಲೇ ತೀರಿಕೊಂಡ. ಒಬ್ಬ ಇಂಗ್ಲಿಷ್ ಕರ್ನಲ್‌ನನ್ನು ಮದುವೆಯಾದ ವಿಕ್ಟೋರಿಯಾ ಗೌರಮ್ಮ 1864ರಲ್ಲಿ ಹೋದಳು, ವಯಸ್ಸು ಇಪ್ಪತ್ತೆರಡು ಇಪ್ಪತ್ತಮೂರು. ಕಾಶಿಯಲ್ಲಿ ಹುಟ್ಟಿದ ಹುಡುಗಿ. ಚರಿತ್ರೆಯಲ್ಲಿ ಅವಳು ಕೊಡಗಿನ ರಾಜಕುಮಾರಿ. ನನಗೇನೋ ಕೊಡಗಿನ ಗೌರಮ್ಮ ಎಂದರೆ ಇನ್ನೊಬ್ಬರೇ ನೆನಪಾಗುತ್ತಾರೆ. 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿ, 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ತಮ್ಮ ಮನೆಗೂ ಬರಬೇಕೆಂದು ಉಪವಾಸ ಕೂತು ಹಟ ಗೆದ್ದು, ಮೈಮೇಲಿನ ಒಡವೆ ಬಿಚ್ಚಿಕೊಟ್ಟ ಕಥೆಗಾರ್ತಿ. 1939ರಲ್ಲಿ ಹೊಳೆಯಲ್ಲಿ ಈಜುವಾಗ ಮುಳುಗಿ ತೀರಿಕೊಂಡರು. ಮಡಿಕೇರಿಗೆ ಬರುವವರಿಗೆ ರಾಣಿಯ ಗೌರಮ್ಮನ ಕಥೆ ಹೇಳುವ ಗೈಡುಗಳಿದ್ದಾರೆ, ‘ಕಂಬನಿ’ ಬರೆದ ಗೌರಮ್ಮನ ಹೆಸರು ಹೇಳುವವರು ನನಗಂತೂ ಸಿಕ್ಕಿಲ್ಲ.

ಮರುದಿನ ಬೆಳಗ್ಗೆ ಬೆಟ್ಟ. ತಡಿಯಂಡಮೋಳಿನ ಎತ್ತರ 1748 ಮೀಟರ್. ಅರಮನೆಯ ಪಕ್ಕದಿಂದಲೇ ದಾರಿ. ಮೊದಲರ್ಧ ತೋಟಗಳ ಅಂಚಿನ ಜೀಪುದಾರಿ, ಆಮೇಲೆ ಅರಣ್ಯ ಇಲಾಖೆಯ ಗೇಟು, ಅಲ್ಲಿ ಹೆಸರು ಬರೆಸಿ ಟಿಕೆಟ್ ತೋರಿಸಬೇಕು. ಬ್ಯಾಗಿನಲ್ಲಿದ್ದ ಪ್ಲಾಸ್ಟಿಕ್ ಬಾಟಲಿಗಳನ್ನು ಲೆಕ್ಕ ಹಾಕಿ ಬರೆದುಕೊಂಡರು. ಇಳಿದು ಬರುವಾಗ ಅಷ್ಟೂ ತೋರಿಸಬೇಕು. ಒಳ್ಳೆಯ ಏರ್ಪಾಡು. ಅದಿಲ್ಲದ ಕಾಲದಲ್ಲಿ ಮೇಲೆ ಬಿದ್ದ ಗಾಜಿನ ಚೂರುಗಳು ಈಗಲೂ ಹುಲ್ಲಿನೊಳಗೆ ಮಿಂಚುತ್ತವೆ.

ದೊಡ್ಡ ಬಂಡೆಯೊಂದು ಸಿಗುವವರೆಗೆ ದಾರಿ ಸಲೀಸು. ಅಲ್ಲಿಂದ ಹುಲ್ಲುಗಾವಲು, ಹುಲ್ಲುಗಾವಲಿನ ಮಡಿಕೆಗಳಲ್ಲಿ ಶೋಲಾ ಕಾಡು. ಬಿಸಿಲಿನಲ್ಲಿ ಬಂದವರಿಗೆ ಶೋಲಾದೊಳಗೆ ಕಾಲಿಟ್ಟ ಕೂಡಲೇ ಚಳಿ ಹತ್ತುತ್ತದೆ. ಕಾಲಡಿಗೆ ಮೆತ್ತನೆಯ ತರಗೆಲೆ, ಮರಗಳ ಮೈತುಂಬ ಹಾವಸೆ, ಕಾಣದ ಯಾವುದೋ ಹಕ್ಕಿ ಮನುಷ್ಯರಂತೆಯೇ ಶಿಳ್ಳೆ ಹಾಕುತ್ತಿತ್ತು. ಇಂಬಳಗಳ ಕಾಲ ಮುಗಿದಿತ್ತು ಎಂದುಕೊಂಡಿದ್ದೆವು. ಕಾಲುಚೀಲದೊಳಗೆ ಒಂದೆರಡು ಸಿಕ್ಕವು. ಅವಕ್ಕೆ ಕ್ಯಾಲೆಂಡರ್ ಇರುವುದಿಲ್ಲ. ಕೊನೆಯ ಏರು ನೆಟ್ಟಗೆ. ಕಾಡಿನೊಳಗಿನ ಬೇರು ಹಿಡಿದು, ಬಂಡೆ ಹಿಡಿದು ಹತ್ತಿ ತಲೆ ಹೊರಹಾಕಿದರೆ ಮೇಲೆ ಬರೀ ಗಾಳಿ.

ಪಶ್ಚಿಮಕ್ಕೆ ಘಟ್ಟ ಕೆಳಗಿಳಿದು ಕೇರಳವಾಗುತ್ತದೆ. ಆಕಾಶ ನಿಚ್ಚಳವಾಗಿದ್ದರೆ ಅರಬ್ಬಿ ಸಮುದ್ರ ಕಾಣುತ್ತದಂತೆ. ನಮಗೆ ಕಂಡದ್ದು ಬಿಳಿ ಮಸುಕು. ಪೂರ್ವಕ್ಕೆ ಇಡೀ ಕೊಡಗು. ಆ ಎತ್ತರದಿಂದ ನೋಡಿದರೆ ಮನುಷ್ಯರು ಈ ಬೆಟ್ಟಗಳಿಗೆ ಮಾಡಿದ್ದೆಲ್ಲ ಒಂದೇ ನೋಟಕ್ಕೆ ಸಿಗುತ್ತದೆ. ಕಾಡಿನ ನಡುವೆ ಕೆಂಪು ಗೀರುಗಳು: ಹೊಸ ರಸ್ತೆ, ಸೈಟಿಗೆ ತರಿದ ಇಳಿಜಾರು, ರೆಸಾರ್ಟಿನ ಕಾಮಗಾರಿ. 2018ರ ಆಗಸ್ಟಿನಲ್ಲಿ ಮಡಿಕೇರಿ ಸುತ್ತಿನ ಗುಡ್ಡಗಳು ಜಾರಿದ್ದು ಯಾರೂ ಮರೆತಿಲ್ಲ. ಮಕ್ಕಂದೂರು, ಮದೆನಾಡು, ಜೋಡುಪಾಲದ ಕಡೆ ಮನೆ ತೋಟಗಳು ಮಣ್ಣಿನ ಜೊತೆ ಇಳಿದು ಹೋದವು. ಮಂಗಳೂರಿನ ಹೆದ್ದಾರಿ ಕಾಣೆಯಾಯಿತು. ಎರಡು ವರ್ಷದ ಮೇಲೆ ತಲಕಾವೇರಿಯ ಬ್ರಹ್ಮಗಿರಿಯ ಒಂದು ಮಗ್ಗುಲೇ ಕುಸಿದು ಅರ್ಚಕರ ಮನೆಯವರು ಮಣ್ಣಿನಡಿ ಸಿಕ್ಕರು. ಮಳೆ ವಿಪರೀತ ಸುರಿದದ್ದು ನಿಜ. ಆದರೆ ಮಳೆ ಈ ನಾಡಿಗೆ ಹೊಸದಲ್ಲ; ಇಗ್ಗುತ್ತಪ್ಪನಿಗೆ ಕೈಮುಗಿಯುವುದೇ ಮಳೆಗಾಗಿ. ಇಳಿಜಾರನ್ನು ನೆಟ್ಟಗೆ ತರಿದು, ಅಡಿಪಾಯ ಹಾಕಿ, ನೀರು ಹರಿಯುವ ದಾರಿ ಮುಚ್ಚಿದ್ದು ಮಾತ್ರ ಹೊಸದು. ಭೂವಿಜ್ಞಾನಿಗಳು ಅದನ್ನೇ ಹೇಳಿದರು, ಊರಿನ ಹಿರಿಯರೂ ಅದನ್ನೇ ಹೇಳಿದರು. ಕಟ್ಟುವುದಂತೂ ನಿಂತಿಲ್ಲ. ನನ್ನಂಥವರು ಬಂದು ಉಳಿಯಲು ಕೋಣೆ ಕೇಳುವವರೆಗೆ ನಿಲ್ಲುವುದೂ ಇಲ್ಲ, ಈ ಮಾತನ್ನು ನುಂಗಿಕೊಂಡೇ ಹೇಳಬೇಕು. ಬೇಡವೆನ್ನಲು ನನಗೆ ಬಾಯಿಲ್ಲ. ಆದರೆ ಕೊಡವ ಮನೆತನಗಳ ಹಳೇ ಐನ್‌ಮನೆಗಳನ್ನೂ ತೋಟದ ಬಂಗಲೆಗಳನ್ನೂ ಹೋಂಸ್ಟೇ ಮಾಡಿರುವವರಲ್ಲಿ ಉಳಿಯುವುದಕ್ಕೂ, ಹೊಸದಾಗಿ ಗುಡ್ಡ ಕತ್ತರಿಸಿ ಎದ್ದ ಆರಂತಸ್ತಿನಲ್ಲಿ ಉಳಿಯುವುದಕ್ಕೂ ವ್ಯತ್ಯಾಸವಿದೆ. ಆ ಆಯ್ಕೆ ನಮ್ಮ ಕೈಯಲ್ಲಿದೆ.

ಇಳಿಯುವಾಗ ಹುಡುಗರ ಒಂದು ದಂಡು ಎದುರಾಯಿತು, ಮಂಗಳೂರಿನ ಕಾಲೇಜಿನವರು. “ಇನ್ನೆಷ್ಟು ದೂರ ಅಣ್ಣ?” ಎಂದರು. ಇನ್ನೇನು ಬಂತು ಎಂದೆ. ಬೆಟ್ಟ ಇಳಿಯುವವರೆಲ್ಲ ಹೇಳುವ ಸುಳ್ಳು ಅದು. ಕೆಳಗಿನ ಅರಮನೆ ನೋಡಿದಿರಾ ಎಂದು ಕೇಳಿದೆ. ಯಾವ ಅರಮನೆ, ಎಂದರು. ಅದರ ಅಂಗಳದ ಪಕ್ಕದಲ್ಲೇ ಬೈಕು ನಿಲ್ಲಿಸಿ ಬಂದಿದ್ದರು.

ಹೋಗುವುದಾದರೆ ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗಿ. ಮಳೆಗಾಲದಲ್ಲಿ ಬೆಟ್ಟವನ್ನು ಅದರ ಪಾಡಿಗೆ ಬಿಡುವುದು ಒಳ್ಳೆಯದು. ಚಾರಣದ ಟಿಕೆಟನ್ನು ಅರಣ್ಯ ಇಲಾಖೆಯಿಂದ ಮೊದಲೇ ಪಡೆದಿಟ್ಟುಕೊಳ್ಳಿ. ಶಿಖರದಲ್ಲಿ ಟೆಂಟು ಹಾಕಲು ಬಿಡುವುದಿಲ್ಲ, ಸಂಜೆಯೊಳಗೆ ಇಳಿಯಲೇಬೇಕು. ಮಡಿಕೇರಿಯಲ್ಲಿ ಕೈಯಲ್ಲಿ ಸಮಯ ಕಡಿಮೆಯಿದ್ದರೆ ಅಬ್ಬಿಯನ್ನೂ ಮಾಂದಲಪಟ್ಟಿಯನ್ನೂ ಇನ್ನೊಮ್ಮೆಗೆ ಇಟ್ಟುಕೊಂಡು, ಬೆಳಗ್ಗೆ ಕೋಟೆ ಮತ್ತು ಗದ್ದಿಗೆ ನೋಡಿ ನಾಪೋಕ್ಲು ಬಸ್ಸು ಹತ್ತಿ. ನಾಲ್ಕುನಾಡು ಅರಮನೆಯಲ್ಲಿ ಕಾವಲಿನವರು ಬೀಗ ತೆಗೆದು ತೋರಿಸುತ್ತಾರೆ. ಅವರಿಗೆ ನಾಲ್ಕು ಮಾತು ಕೇಳಿ, ಗೋಡೆಗೆ ಮಾತ್ರ ಕೈ ಹಚ್ಚಬೇಡಿ. ಹಿಂದೆ ಬಂದವರು ಕೆತ್ತಿ ಹೋದ ಹೆಸರುಗಳು ಅಲ್ಲಿನ ಚಿತ್ರಗಳಿಗಿಂತ ಸ್ಪಷ್ಟವಾಗಿ ಕಾಣುತ್ತಿವೆ.